ಶಿಲುಬೆಯ ಮೇಲಿದ್ದವನು ಮೂರನೆಯವನಲ್ಲ

"ಮಾಡಿದ್ದುಣ್ಣೋ ಮಹಾರಾಯ ಎಂದು ನಂಬುವವರು ನಾವು. ನೀವು ಮಾಡಿದ ಪಾಪಕ್ಕೆ ಯೇಸು ಏಕೆ ಸಾಯಬೇಕು? ತಪ್ಪಿತಸ್ಥನನ್ನು ಬಿಟ್ಟು ನಿರಪರಾಧಿಯನ್ನು ಶಿಕ್ಷಿಸುವ ದೇವರು ನ್ಯಾಯವಂತ ಹೇಗಾದಾನು?"

ಬೀದರ್ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಕ್ರೈಸ್ತರಿಗೆ ಈ ಪ್ರಶ್ನೆ ಹೊಸದಲ್ಲ. ಲಿಂಗಾಯತ ಗೆಳೆಯರು ಕೇಳುತ್ತಾರೆ, ಮುಸ್ಲಿಂ ನೆರೆಯವರು ಇನ್ನೂ ನೇರವಾಗಿ ಕೇಳುತ್ತಾರೆ. ಕೇಳಿದವರ ಮೇಲೆ ನಮ್ಮವರು ಸಿಟ್ಟಾಗುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಎಡೆ ಮಾಡಿಕೊಟ್ಟಿರುವುದು ನಮ್ಮ ಉಜ್ಜೀವನ ಕೂಟಗಳ ಪ್ರಸಂಗಗಳು. ಮೇಲೆ ಕೋಪದಿಂದ ಕುದಿಯುವ ತಂದೆ, ಕೆಳಗೆ ನಡುಗುವ ಮನುಷ್ಯ, ನಡುವೆ ಬಂದು ಏಟು ತಿನ್ನುವ ಮಗ. ಮೈಕಿನಲ್ಲಿ ಇದನ್ನೇ ಗಂಟೆಗಟ್ಟಲೆ ಕೂಗಿದರೆ ಕೇಳುವವರು ಇನ್ನೇನು ತಿಳಿದುಕೊಳ್ಳಬೇಕು?

ಯೇಸು ದೇವರೂ ಅಲ್ಲದ, ತಪ್ಪಿತಸ್ಥನೂ ಅಲ್ಲದ ಮೂರನೆಯವನಾಗಿದ್ದರೆ ಅದು ಅನ್ಯಾಯವೇ. ನಾನು ಒಪ್ಪುತ್ತೇನೆ. ಆದರೆ ಕ್ರೈಸ್ತ ಸಭೆ ಆದಿಯಿಂದ ಸಾರಿದ್ದು ಅದನ್ನಲ್ಲ. ಮಗನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನು, ಆದರೂ ಸೃಷ್ಟಿಯೇ ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಬೋಧಿಸಿದಾಗ, ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯಲ್ಲಿರುವ ನಿಕೇಯದಲ್ಲಿ ಸೇರಿದ ಬಿಷಪ್ಪರು ಅದನ್ನು ತಳ್ಳಿಹಾಕಿ, ಮಗನು ತಂದೆಯೊಂದಿಗೆ ಒಂದೇ ಸತ್ವವುಳ್ಳವನು ಎಂದು ಸಾರಿದರು. ಆ ಮಾತಿಗೆ ಅಂಟಿಕೊಂಡ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಐದು ಸಲ ಗಡೀಪಾರಾದರು. ಇದನ್ನು ಪಂಡಿತರ ಕೂದಲು ಸೀಳುವ ಜಗಳ ಎಂದು ಅನೇಕರು ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಶಿಲುಬೆಯ ಮೇಲಿದ್ದವನು ದೇವರಲ್ಲದಿದ್ದರೆ, ದೇವರು ತನ್ನ ಕೈ ಕೆಸರು ಮಾಡಿಕೊಳ್ಳದೆ ಇನ್ನೊಬ್ಬನನ್ನು ಸಾಯಲು ಕಳುಹಿಸಿದ ಹಾಗಾಗುತ್ತದೆ.

ತೊಗರಿ ಕೈಕೊಟ್ಟ ವರ್ಷ ಕಲಬುರಗಿಯ ಸಾಹುಕಾರನೊಬ್ಬ ರೈತನ ಸಾಲಪತ್ರವನ್ನು ಹರಿದು ಹಾಕಿದ ಎನ್ನಿ. ಹಣ ಗಾಳಿಯಲ್ಲಿ ಮಾಯವಾಗುವುದಿಲ್ಲ. ನಷ್ಟವನ್ನು ಸಾಹುಕಾರನೇ ಹೊರುತ್ತಾನೆ. ಬೀದಿಯಲ್ಲಿ ಹೋಗುವವನ ಜೇಬಿನಿಂದ ಅದನ್ನು ಕಿತ್ತುಕೊಂಡರೆ ಅದು ಕ್ಷಮೆಯಾಗದು. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು ಎಂದು ಪೌಲನು ಕೊರಿಂಥದವರಿಗೆ ಬರೆದದ್ದರ ಅರ್ಥ ಇದೇ. ಮುನಿಸಿಕೊಂಡು ದೂರ ಹೋದವರು ನಾವು, ಮುಂದಾಗಿ ಬಂದವನು ಆತನು.

ನಮ್ಮ ಹಿರಿಯರಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಈ ಭಾಗದ ಮೆಥೋಡಿಸ್ಟ್ ಸಭೆಗಳಲ್ಲಿ ಬಹುಪಾಲು ಕುಟುಂಬಗಳು ಊರ ಹೊರಗಿನ ಕೇರಿಗಳಿಂದ ಬಂದವು. ಗುಡಿಯ ಹೊಸ್ತಿಲು ತುಳಿಯಲು ಬಿಡದ ಜನರಿಗೆ, ದೇವರೇ ಹೊಸ್ತಿಲು ದಾಟಿ ನಿಮ್ಮ ಕೇರಿಗೆ ಬಂದಿದ್ದಾನೆ ಎಂಬುದು ಎಂಥ ಸುದ್ದಿಯಾಗಿರಬೇಕು! ಊರಿನ ದೊಡ್ಡವರು ಕೇರಿಗೆ ಆಳನ್ನು ಕಳುಹಿಸುವುದು ಅವರಿಗೆ ಗೊತ್ತಿತ್ತು. ಧಣಿ ತಾನೇ ಬಂದು, ಬೆತ್ತಲೆಯಾಗಿ, ಅವಮಾನಿತನಾಗಿ, ಊರ ಹೊರಗೆ ಸತ್ತ ಎಂಬುದು ಗೊತ್ತಿರಲಿಲ್ಲ. ಯೇಸು ಸತ್ತದ್ದೂ ಪಟ್ಟಣದ ಗೋಡೆಯ ಹೊರಗೇ.

ನನ್ನ ಸಂಕಟ ಇರುವುದು ಇಲ್ಲಿಯೇ. ಇಂಥ ಕೃಪೆಯನ್ನು ಪಡೆದ ನಾವು ಅದನ್ನು ಅಗ್ಗ ಮಾಡಿಕೊಂಡಿದ್ದೇವೆ. ಎರಡು ಎಕರೆಗಾಗಿ ಅಣ್ಣ ತಮ್ಮಂದಿರು ಕೋರ್ಟಿನಲ್ಲಿದ್ದು, ಭಾನುವಾರ ಒಂದೇ ದೇವಾಲಯದಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕುಳಿತು, ಯೇಸು ನನ್ನ ಸಾಲವನ್ನೆಲ್ಲ ತೀರಿಸಿದ ಎಂದು ಸಾಕ್ಷಿ ಹೇಳುವುದನ್ನು ನಾನು ಕಂಡಿದ್ದೇನೆ. ಮದುವೆಯ ಮಾತು ಬಂದರೆ ಒಳಪಂಗಡ ಕೇಳುವ ವಿಶ್ವಾಸಿಗಳನ್ನೂ ಕಂಡಿದ್ದೇನೆ. ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನು ಎಂದು ಎಫೆಸದವರಿಗೆ ಬರೆದ ಪತ್ರವನ್ನು ಓದಿ ಆಮೆನ್ ಎಂದ ಬಾಯಿಂದಲೇ ಆ ಮಾತು ಬರುತ್ತದೆ.

ಸುಂಕದವನಾದ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಹೋದನು, ಯಾವ ಷರತ್ತೂ ಇಲ್ಲದೆ. ಆದರೆ ಆ ಭೇಟಿಯ ನಂತರ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆಂದನು, ಮೋಸದಿಂದ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದನು. ಈ ಮನೆಗೆ ಈ ದಿನ ರಕ್ಷಣೆ ಬಂತು ಎಂಬ ಮಾತು ಅದರ ನಂತರದ್ದು. ಹಿಂದಿರುಗಿಸಿ ಅವನು ರಕ್ಷಣೆಯನ್ನು ಕೊಂಡುಕೊಳ್ಳಲಿಲ್ಲ; ರಕ್ಷಕನು ಬಂದ ಮನೆಯಲ್ಲಿ ಕದ್ದ ಹಣವನ್ನು ಇಟ್ಟುಕೊಳ್ಳಲು ಅವನಿಂದಾಗಲಿಲ್ಲ. ನಮ್ಮ ಮೆಥೋಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯೂ ಹಾಗೆಯೇ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಕ್ರಿಸ್ತನು ತನ್ನ ಪಾಪವನ್ನು ತೆಗೆದುಹಾಕಿದ್ದಾನೆ ಎಂಬ ಭರವಸೆ ಪಡೆದವರು, 1791ರಲ್ಲಿ ಸಾಯುವ ಕೆಲವೇ ದಿನ ಮೊದಲು ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸರಿಗೆ ಪತ್ರ ಬರೆದು ಗುಲಾಮಗಿರಿಯ ವಿರುದ್ಧ ಹೋರಾಡಲು ಹುರಿದುಂಬಿಸಿದರು.

ಸಭಾಪಾಲಕರಲ್ಲಿ ನನ್ನ ಕೋರಿಕೆ ಒಂದೇ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ಮರಣವನ್ನು ನೆನೆದು ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರಕ್ಕೆ, ಕರೆಯುವಾಗ, ಪಾಪಕ್ಕಾಗಿ ಮನಃಪೂರ್ವಕ ಪಶ್ಚಾತ್ತಾಪಪಟ್ಟು ನೆರೆಯವರೊಂದಿಗೆ ಪ್ರೀತಿಯಿಂದ ಇರುವವರು ಬನ್ನಿರಿ ಎಂಬ ಮಾತು ನಮ್ಮ ಆರಾಧನಾ ಕ್ರಮದಲ್ಲಿಯೇ ಇದೆ. ಅದನ್ನು ಓಡಿಸಿಕೊಂಡು ಓದಬೇಡಿ, ಅಯ್ಯನವರೇ. ಓದಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ. ಎದ್ದು ಹಿಂದಿನ ಬೆಂಚಿನ ತಮ್ಮನ ಬಳಿಗೆ ಹೋಗುವವರಿಗೆ ಅಷ್ಟು ಸಮಯವನ್ನಾದರೂ ಕೊಡಿ. ಆರಾಧನೆ ಹತ್ತು ನಿಮಿಷ ತಡವಾಗಿ ಮುಗಿದರೆ ಆಗಲಿ.