ಆ ತೊಟ್ಟಿ ಮಗುಚಿದ್ದು ನಮ್ಮ ಬೆಂಗಳೂರಿನಲ್ಲೇ

ನಿನ್ನೆ ಸಂಜೆ ನಮ್ಮ ಬೀದಿಗೆ ಸೊಳ್ಳೆ ಸಾಯಿಸುವ ಹೊಗೆ ಬಿಡುವವರು ಬಂದಿದ್ದರು. ದೊಡ್ಡವರೆಲ್ಲ ಗೇಟಿನಲ್ಲಿ ನಿಂತು "ಇಲ್ಲೂ ಸ್ವಲ್ಪ ಹೊಡೀರಿ" ಅಂತ ಕರೆದರು. ಐದು ನಿಮಿಷ, ಮುಗೀತು. ಎದುರುಗಡೆ ಕಟ್ಟುತ್ತಿರುವ ಮನೆಯ ಮುಂದಿನ ನೀಲಿ ಡ್ರಮ್ಮಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದು ಲೋಟ ನೀರು ಮೊಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಹದಿನೈದಿಪ್ಪತ್ತು ಹುಳ, ಸೊಳ್ಳೆಯ ಮರಿಗಳು. ತಲೆ ಕೆಳಗೆ, ಬಾಲ ಮೇಲೆ, ಬಾಲದ ತುದಿಯಿಂದಲೇ ಉಸಿರು ಎಳೆದುಕೊಂಡು ನೇತಾಡುತ್ತಿದ್ದವು. ಲೋಟ ಅಲ್ಲಾಡಿದ್ದೇ ತಡ, ಕೊಂಕುತ್ತಾ ಕೊಂಕುತ್ತಾ ತಳಕ್ಕೆ ಇಳಿದವು.

ನನಗೆ ಯಾಕೆ ಇಷ್ಟು ಸಿಟ್ಟು ಬಂತು ಅಂತ ಹೋದ ವರ್ಷ ಡೆಂಗ್ಯೂ ಆಗಿದ್ದ ಅಮ್ಮನಿಗಾಗಿ ರಕ್ತ ಕೊಡಲು ಓಡಿ ಬಂದ ನಿಮಗೆ ಹೇಳಬೇಕಿಲ್ಲ.

ಈ ಸಿಟ್ಟಿನ ಜೊತೆ ನೆನಪಾಗುವುದು ರೊನಾಲ್ಡ್ ರಾಸ್, ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ಕಂಡುಹಿಡಿದ ಬ್ರಿಟಿಷ್ ಡಾಕ್ಟರು. ಶಾಲೆಯಲ್ಲಿ ನಾವೆಲ್ಲ ಒಂದು ಅಂಕದ ಪ್ರಶ್ನೆಗೆ ಉರು ಹೊಡೆದ ಹೆಸರು, ಅಲ್ವಾ? 1857ರಲ್ಲಿ ಅಲ್ಮೋರದಲ್ಲಿ ಹುಟ್ಟಿದವನು, 1881ರಲ್ಲಿ ಸೇನೆಯ ವೈದ್ಯಕೀಯ ಸೇವೆಗೆ ಸೇರಿದವನು. ಆದರೆ 1883ರಲ್ಲಿ ಅವನು ನಮ್ಮ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದ ಅಂತ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಇದ್ದ ಬಂಗಲೆ ಅವನಿಗೆ ಇಷ್ಟ, ಸೊಳ್ಳೆ ಮಾತ್ರ ವಿಪರೀತ. ತನ್ನ ಕೋಣೆಯಲ್ಲೇ ಯಾಕೆ ಜಾಸ್ತಿ ಅಂತ ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಸಿಕ್ಕಿತು. ಒಳಗೆ ಇದೇ ಹುಳ. ತೊಟ್ಟಿ ಮಗುಚಿದ. ಸೊಳ್ಳೆ ಕಡಿಮೆಯಾದವು. ಅಷ್ಟೇ. ಸೊಳ್ಳೆಗೂ ಮಲೇರಿಯಾಕ್ಕೂ ಏನು ಸಂಬಂಧ ಅಂತ ಆಗ ಅವನಿಗೂ ಗೊತ್ತಿರಲಿಲ್ಲ, ಆದರೂ ನೀರು ಚೆಲ್ಲಬೇಕು ಅನ್ನುವುದು ಗೊತ್ತಾಯಿತು.

ಖುಷಿಯಿಂದ ಹೋಗಿ ದಂಡಿನ ಅಧಿಕಾರಿಗೆ ಹೇಳಿದ: ಮೆಸ್ಸಿನ ಕೆಳಗಿನ ತೊಟ್ಟಿಯಲ್ಲಿ, ತೋಟದ ಡಬ್ಬದಲ್ಲಿ, ಹೂದಾನಿಯಲ್ಲೂ ಸೊಳ್ಳೆ ಹುಟ್ಟುತ್ತಿವೆ, ತೆಗೆಸಿ ಅಂತ. ಆ ಮನುಷ್ಯ ಆಗಲ್ಲ ಅಂದ. ಸೊಳ್ಳೆಯನ್ನು ಸೃಷ್ಟಿ ಮಾಡಿದ್ದಕ್ಕೂ ಏನೋ ಕಾರಣ ಇರುತ್ತೆ, ನಾವು ಸಹಿಸಿಕೊಂಡಿರಬೇಕು ಅಂತ. ರಾಸ್ ತನ್ನ ನೆನಪುಗಳಲ್ಲಿ ಇದನ್ನು ಬರೆದಿದ್ದಾನೆ. ನಿನ್ನೆ ನಾನು ಡ್ರಮ್ ತೋರಿಸಿದಾಗ ಪಕ್ಕದ ಮನೆಯವರು ಅಂದದ್ದೂ ಹೆಚ್ಚು ಕಡಿಮೆ ಅದೇ: "ಬೆಂಗಳೂರು ಅಂದ್ಮೇಲೆ ಸೊಳ್ಳೆ ಇರೋದೇ ಅಲ್ವಾ?"

ಇರೋದೇ ಅಲ್ಲ! ನಾವು ಸಾಕಿದ್ದು.

ಮುಂದಿನ ಕಥೆ ನಿಮಗೆ ಗೊತ್ತು. ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ವೈದ್ಯರು ದಾರಿ ತೋರಿಸಿದರು, 1895ರಲ್ಲಿ ಸಿಕಂದರಾಬಾದಿಗೆ ಬಂದು ರಾಸ್ ಸೊಳ್ಳೆಯೊಳಗೆ ಮಲೇರಿಯಾದ ರೋಗಾಣು ಹುಡುಕಲು ಶುರು ಮಾಡಿದ. ಮಧ್ಯೆ ಕಾಲರಾ ಕೆಲಸಕ್ಕೆ ಮತ್ತೆ ಬೆಂಗಳೂರಿಗೆ ಕಳಿಸಿದರು. ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳನ್ನೇ ಕೊಯ್ದು ಕೊಯ್ದು ನೋಡಿದ, ಏನೂ ಸಿಗಲಿಲ್ಲ. ಆ ಸೆಖೆಯಲ್ಲಿ ಪಂಖಾ ಎಳೆಸುವ ಹಾಗಿಲ್ಲ, ಸೊಳ್ಳೆ ಹಾರಿಹೋಗುತ್ತವೆ. ಬೆವರಿಗೆ ಮೈಕ್ರೋಸ್ಕೋಪಿನ ತಿರುಪು ತುಕ್ಕು ಹಿಡಿದಿದ್ದವು. ಕೊನೆಗೆ ರೆಕ್ಕೆಯ ಮೇಲೆ ಚುಕ್ಕೆ ಇರುವ ಸೊಳ್ಳೆ ಸಿಕ್ಕಿತು. 1897ರ ಆಗಸ್ಟ್ 20, ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕಪ್ಪು ಬಣ್ಣದ ಕಣಗಳು ಕಂಡವು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಅನ್ನುವ ಮಲೇರಿಯಾ ರೋಗಿ, ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ಒಂದಾಣೆಯಂತೆ. ಅವನ ಹೆಸರನ್ನೂ ಪಾಠದಲ್ಲಿ ಸೇರಿಸಬೇಕು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮಲೇರಿಯಾ ಮನುಷ್ಯರಿಗೆ ಹರಡುವ ದಾರಿಯನ್ನು ಪೂರ್ತಿ ತೋರಿಸಿದ್ದು ಇಟಲಿಯ ವಿಜ್ಞಾನಿ ಗ್ರಾಸಿ, ರಾಸ್ ಜಗಳಗಂಟ, ಬಿಳಿ ಸಿಪಾಯಿಗಳಿಗಾಗಿ ದುಡಿದವನು ಅಂತ ಕೆಲವರು ಕಾಮೆಂಟ್ ಹಾಕುತ್ತೀರಿ. ಜಗಳಗಂಟ ನಿಜ. ಆದರೆ 1902ರಲ್ಲಿ ನೊಬೆಲ್ ಬಂದ ವರ್ಷವೇ ಈಜಿಪ್ಟಿನ ಇಸ್ಮಾಯಿಲಿಯಾಕ್ಕೆ ಹೋಗಿ ಅವನು ಹೇಳಿದ್ದು ಅದೇ ಮಾತು, ನಿಂತ ನೀರು ತೆಗೆಯಿರಿ. ಅವರು ತೆಗೆದರು. ಊರಿನ ಮಲೇರಿಯಾ ಕೆಲವೇ ವರ್ಷದಲ್ಲಿ ಇಳಿದುಹೋಯಿತು. ನನಗೆ ಅಷ್ಟು ಸಾಕು.

ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲಬಹುದು. ಡ್ರಮ್ಮಿನೊಳಗಿನ ಹುಳಕ್ಕೆ ಅದು ತಾಗುವುದೇ ಇಲ್ಲ. ಒಂದು ವಾರ, ಹತ್ತು ದಿನ, ಅಷ್ಟರಲ್ಲಿ ಹೊಸ ಸೊಳ್ಳೆ ಹಾಜರ್. ರಾಸ್ ಹುಡುಕಿದ ಸೊಳ್ಳೆ ಬೇರೆ, ಡೆಂಗ್ಯೂ ತರುವ ಸೊಳ್ಳೆ ಬೇರೆ, ಗೊತ್ತು. ಎರಡೂ ಹುಟ್ಟುವುದು ನೀರಲ್ಲೇ ತಾನೇ?

ಇನ್ನೊಂದು ಹೇಳಿಬಿಡುತ್ತೇನೆ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬಾಲ್ಕನಿಯ ತುಳಸಿ ಕುಂಡ ಎತ್ತಿದೆ. ಕೆಳಗಿನ ತಟ್ಟೆಯಲ್ಲಿ ಎರಡು ಬೆರಳು ನೀರು, ನೀರಿನ ತುಂಬ ಹುಳ. ಆ ತಟ್ಟೆ ಇಟ್ಟವನು ನಾನೇ. ಇದನ್ನು ಇಲ್ಲಿಯವರೆಗೂ ಯಾರಿಗೂ ಹೇಳಿರಲಿಲ್ಲ.

ನಿನ್ನೆ ಡ್ರಮ್ ಚೆಲ್ಲಲು ಹೋದಾಗ ಕಾವಲುಗಾರನ ಹೆಂಡತಿ ತಡೆದರು. "ಅಣ್ಣಾ, ನೀರು ಬರೋದು ಎರಡು ದಿನಕ್ಕೊಮ್ಮೆ, ಚೆಲ್ಲಿದ್ರೆ ಅಡುಗೆ ಹೇಗೆ ಮಾಡ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಸಂಪಿನಿಂದ ಆರು ಬಿಂದಿಗೆ ನೀರು ಹೊತ್ತು ಕೊಟ್ಟೆ. ಆಮೇಲೆ ಇಬ್ಬರೂ ಸೇರಿ ಡ್ರಮ್ ಮಗುಚಿದೆವು, ಅವರು ತೆಂಗಿನ ನಾರಿನಿಂದ ಒಳಗೆಲ್ಲ ಉಜ್ಜಿದರು. ಅಪ್ಪನ ಹಳೇ ಪಂಚೆ ಹರಿದು ಬಾಯಿಗೆ ಬಿಗಿಯಾಗಿ ಕಟ್ಟಿ ಬಂದಿದ್ದೇನೆ.