ಒಂದು ಸೊನ್ನೆಯ ಕಥೆ

ಫೋನಿನಲ್ಲಿ ಹಾಟ್‌ಸ್ಪಾಟ್ ಅಂದರೆ ಒಂದು ಬಟನ್. ಒತ್ತಿದರೆ ಆಯ್ತು. ಒಳಗೆ ಏನು ನಡೆಯಿತು ಅಂತ ಅದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅದೇ ಕೆಲಸವನ್ನು ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇರುವ ಕಂಪ್ಯೂಟರಿನಲ್ಲಿ ಕೈಯಾರೆ ಮಾಡಿ ನೋಡಿ. ಆ ಬಟನ್ ಎಷ್ಟೆಲ್ಲ ಮುಚ್ಚಿಟ್ಟಿತ್ತು ಅಂತ ಗೊತ್ತಾಗುತ್ತದೆ.

ಮೊದಲು ವೈಫೈ ಕಾರ್ಡಿನ ಮರ್ಜಿ ಕೇಳಬೇಕು. ಇನ್ನೊಬ್ಬರ ನೆಟ್‌ವರ್ಕಿಗೆ ಸೇರಿಕೊಳ್ಳುವುದು ಅವಕ್ಕೆಲ್ಲ ಸಲೀಸು. ತಾನೇ ನೆಟ್‌ವರ್ಕ್ ನಡೆಸು ಅಂದರೆ ಕೆಲವು ಒಪ್ಪುವುದೇ ಇಲ್ಲ. ‘ಐಡಬ್ಲ್ಯೂ ಲಿಸ್ಟ್’ ಅಂತ ಟೈಪ್ ಮಾಡಿದರೆ ಉದ್ದದ ಪಟ್ಟಿಯೊಂದು ಸುರಿಯುತ್ತದೆ. ಅದರಲ್ಲಿ ‘ಎಪಿ’ (ಆಕ್ಸೆಸ್ ಪಾಯಿಂಟ್, ಅಂದರೆ ತಾನೇ ನೆಟ್‌ವರ್ಕ್ ನಡೆಸಬಲ್ಲದು ಅಂತ) ಎಂಬ ಎರಡಕ್ಷರ ಸಿಕ್ಕರೆ ಬಚಾವ್. ಇಲ್ಲದಿದ್ದರೆ ಬೇರೆ ಕಾರ್ಡ್ ನೋಡಿಕೊಳ್ಳಬೇಕು.

ಆಮೇಲೆ ‘ಹೋಸ್ಟ್‌ಎಪಿಡಿ’ ಎಂಬ ಪ್ರೋಗ್ರಾಂ ಕೆಲಸ ಶುರು ಮಾಡುತ್ತದೆ. ಇಷ್ಟು ದಿನ ಸುಮ್ನೆ ಕಿವಿಗೊಟ್ಟು ಕೂತಿದ್ದ ಕಂಪ್ಯೂಟರ್ ಈಗ ತಾನೇ ಕೂಗತೊಡಗುತ್ತದೆ. ‘ನಾನಿಲ್ಲಿದ್ದೇನೆ, ನನ್ನ ಹೆಸರು ಇದು, ನನ್ನ ಚಾನೆಲ್ ಇದು’ ಅಂತ ಸೆಕೆಂಡಿಗೆ ಹತ್ತಿರ ಹತ್ತಿರ 10 ಸಲ. ಗಿರಾಕಿ ಇರಲಿ ಬಿಡಲಿ, ಖಾಲಿ ಬೀದಿಯಲ್ಲೂ ಕೂಗುತ್ತಲೇ ಹೋಗುವ ವ್ಯಾಪಾರಿಯ ಹಾಗೆ.

ಹೆಸರಿಡುವುದರಲ್ಲೂ ಒಂದು ಪೇಚಿದೆ. ನೆಟ್‌ವರ್ಕಿನ ಹೆಸರಿಗೆ ಸಿಗುವ ಜಾಗ 32 ಬೈಟ್ ಮಾತ್ರ. ಕನ್ನಡದಲ್ಲಿಯೂ ಹೆಸರಿಡಬಹುದು, ಆದರೆ ನಮ್ಮ ಲಿಪಿಯ ಒಂದೊಂದು ಚಿಹ್ನೆಯೂ 3 ಬೈಟ್ ತಿನ್ನುತ್ತದೆ. ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18 ಬೈಟ್! ಎರಡನೆಯ ‘ಸ್ತ್ರೀ’ಗೆ ಜಾಗವೇ ಉಳಿಯುವುದಿಲ್ಲ. ಪಾಸ್‌ವರ್ಡಿಗೆ ಈ ರಗಳೆ ಇಲ್ಲ, ಇಂಗ್ಲಿಷ್ ಕೀಲಿಗಳಲ್ಲೇ 8ರಿಂದ 63 ಅಕ್ಷರ.

ಹೆಸರು ಕಂಡಿತು, ಪಾಸ್‌ವರ್ಡ್ ಹೊಂದಿತು, ಫೋನ್ ಬಂದು ಸೇರಿಕೊಂಡಿತು. ಅದಕ್ಕೊಂದು ವಿಳಾಸ ಕೊಡಬೇಕಲ್ವಾ? ಅದನ್ನು ‘ಡಿಎನ್‌ಎಸ್‌ಮಾಸ್ಕ್’ ಎಂಬ ಇನ್ನೊಂದು ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಬಂದವರಿಗೆಲ್ಲ ಒಂದೊಂದು ಐಪಿ ನಂಬರ್ ಕೊಡುತ್ತದೆ, ಅದೂ ಇಂತಿಷ್ಟು ಹೊತ್ತಿಗೆ ಅಂತ ಬಾಡಿಗೆಗೆ.

ಈಗ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ. ‘ಕನೆಕ್ಟೆಡ್’ ಅಂತಲೂ ಬರೆದಿದೆ. ಆದರೆ ಒಂದು ಪುಟವೂ ತೆರೆಯುವುದಿಲ್ಲ! ಈ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುವ ಜಾಗ ಇದೇ. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ‘ಐಪಿ ಫಾರ್ವರ್ಡ್’ ಎಂಬ ಒಂದು ಸೆಟ್ಟಿಂಗ್ ಇದೆ. ಅದರೊಳಗೆ ಇರುವುದು ಒಂದೇ ಅಂಕಿ, ಸೊನ್ನೆ. ಅಂದರೆ, ನನಗೆ ಬಂದದ್ದು ನನ್ನದು, ಇನ್ನೊಬ್ಬರ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ತುಣುಕು) ನಾನು ದಾಟಿಸುವುದಿಲ್ಲ. ಇದು ಜಿಪುಣತನವಲ್ಲ. ಮಾಮೂಲಿ ಕಂಪ್ಯೂಟರಿನಲ್ಲಿ ಈ ಸ್ವಿಚ್ ಮೊದಲಿಗೆ ಆಫ್ ಆಗಿಯೇ ಇರಬೇಕು ಅಂತ 1989ರಲ್ಲೇ ಇಂಟರ್ನೆಟ್ ನಿಯಮ ಬರೆದವರು ಹೇಳಿಟ್ಟಿದ್ದಾರೆ. ಕಂಡಕಂಡ ಯಂತ್ರಗಳೆಲ್ಲ ನಾನೂ ರೂಟರ್ ಅಂತ ಹೊರಟರೆ ಯಾವ ಪ್ಯಾಕೆಟ್ ಎಲ್ಲಿಗೆ ಹೋದೀತು? ಹಾಗಾಗಿ ಯಜಮಾನರೇ ಬಂದು ಸೊನ್ನೆ ಅಳಿಸಿ ಒಂದು ಬರೆಯಬೇಕು.

ಬರೆದರೂ ಮುಗಿಯಲಿಲ್ಲ. ಫೋನಿಗೆ ಕೊಟ್ಟದ್ದು ಖಾಸಗಿ ವಿಳಾಸ, ಹೊರಗಿನ ಇಂಟರ್ನೆಟ್ಟಿನಲ್ಲಿ ಅದು ನಡೆಯುವುದಿಲ್ಲ. ಅದಕ್ಕೇ ‘ಮಾಸ್ಕರೇಡ್’ ಎಂಬ ನಿಯಮ ಹಾಕುವುದು. ಕಂಪ್ಯೂಟರ್ ಆಗ ಪ್ರತಿ ಪ್ಯಾಕೆಟ್ಟಿನ ಮೇಲೂ ಫೋನಿನ ವಿಳಾಸ ತೆಗೆದು ತನ್ನದನ್ನು ಬರೆದು ಕಳಿಸುತ್ತದೆ. ಯಾರ ಪರವಾಗಿ ಕಳಿಸಿದೆ ಅಂತ ಒಂದು ಕೋಷ್ಟಕದಲ್ಲಿ ಗುರುತು ಹಾಕಿಕೊಂಡಿರುತ್ತದೆ. ಉತ್ತರ ಬಂದಾಗ ಅದನ್ನು ನೋಡಿ ಸರಿಯಾದವರಿಗೆ ತಲುಪಿಸುತ್ತದೆ. ಒಂದೇ ವಿಳಾಸದ ಹಿಂದೆ ಹತ್ತು ಫೋನ್ ಇದ್ದರೂ ಎದುರಿನ ಸರ್ವರ್‌ಗೆ ಕಾಣುವುದು ಆ ಒಂದೇ ವಿಳಾಸ.

ಗೋಡೆಯ ಮೇಲೆ ದೀಪ ಮಿನುಗಿಸುತ್ತಾ ಕೂತಿರುವ ಎಷ್ಟೋ ರೂಟರುಗಳ ಒಳಗೆ ಓಡುತ್ತಿರುವುದೂ ಲಿನಕ್ಸೇ.

ಇಷ್ಟೆಲ್ಲ ಪಾಡು ಬೇಡ ಅನ್ನುವವರಿಗೆ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಇದೆ. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಹಾಟ್‌ಸ್ಪಾಟ್’ ಅಂತ ಒಂದೇ ಸಾಲು ಬರೆದರೆ ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ, ಸೊನ್ನೆಯನ್ನು ಒಂದು ಮಾಡುವುದನ್ನೂ ಸೇರಿಸಿ. ಅದು ಹಂಚುವ ನಂಬರುಗಳು ಸಾಮಾನ್ಯವಾಗಿ 10.42ರಿಂದ ಶುರುವಾಗುತ್ತವೆ. ಎಲ್ಲಾದರೂ ಯಾರದೋ ವೈಫೈಗೆ ಸೇರಿದಾಗ ನಿಮ್ಮ ಫೋನಿಗೆ ಅಂಥ ವಿಳಾಸ ಸಿಕ್ಕರೆ ಸ್ವಲ್ಪ ಸುತ್ತ ನೋಡಿ, ಹತ್ತಿರದಲ್ಲೇ ಯಾರದೋ ಲಿನಕ್ಸ್ ಲ್ಯಾಪ್‌ಟಾಪ್ ತೆರೆದಿರಬಹುದು.