ಸತ್ಯಾಂಶ: ದನ ಸತ್ತಿದ್ದು ಜಾಸ್ತಿ ಮೇಯಿಸಿದ್ದಕ್ಕಾ?

"ಆಫ್ರಿಕಾದಲ್ಲಿ ದನ ಸಾಯೋದು ಬರದಿಂದಲ್ಲ, ಎಲ್ಲರದ್ದೂ ಒಂದೇ ಹುಲ್ಲುಗಾವಲು ಅಂತ ಲೆಕ್ಕ ಇಲ್ದೆ ಮೇಯಿಸಿದ್ದಕ್ಕೆ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಅದು ಸರಿಯಲ್ಲ. ದಕ್ಷಿಣ ಇಥಿಯೋಪಿಯಾದ ಬೊರಾನಾ ಜನರನ್ನೇ ನೋಡಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಅಂತ ಮೇವಿನ ಜಾಗ ಬೇರೆ ಬೇರೆ ಇಟ್ಕೊಂಡಿದಾರೆ, ಆಳದ ಬಾವಿಯೊಳಗೆ ಒಬ್ಬರ ಮೇಲೊಬ್ಬರು ಸಾಲಾಗಿ ನಿಂತು ಬಕೆಟ್ ಕೈಯಿಂದ ಕೈಗೆ ದಾಟಿಸಿ ನೀರೆತ್ತುತಾರೆ, ಯಾರ ದನ ಯಾವತ್ತು ಕುಡೀಬೇಕು ಅನ್ನೋ ಸರದಿ ನೋಡ್ಕೊಳ್ಳೋಕೇ ಒಬ್ಬರು ಇರ್ತಾರೆ. ಇಷ್ಟೆಲ್ಲಾ ಶಿಸ್ತಿದ್ರೂ 2020ರ ಕೊನೆಯಿಂದ ಸತತ 5 ಮಳೆಗಾಲ ಕೈಕೊಟ್ಟಾಗ ಪಾಪ ಏನು ಮಾಡಕ್ಕಾಗುತ್ತೆ? ಮಳೆ ಇಲ್ಲದ್ದರ ಜೊತೆ ಬಿಸಿ ಏರಿದಷ್ಟೂ ಮಣ್ಣಿನ ತೇವ ಬೇಗ ಆರುತ್ತೆ, ಹವಾಮಾನ ಬದಲಾವಣೆ ಬರಾನ ಇನ್ನೂ ಕೆಟ್ಟದು ಮಾಡೋದು ಹೀಗೇ. ನೀರಿನ ಜಾಗದ ಸುತ್ತ ದನ ಗುಂಪುಗೂಡಿ ಹುಲ್ಲು ಹಾಳಾಗೋದೂ ನಿಜ, ಆದ್ರೆ ಅವರು ವಲಸೆ ಹೋಗೋ ದಾರಿಗೆ ಬೇಲಿ ಬಿದ್ರೆ ಅದು ಇನ್ನೂ ಜಾಸ್ತಿನೇ ಆಗುತ್ತೆ.